ನಡಿಗೆಯ ಗೇರು

ಕೌತೊಕೈನೊ
12 ನವೆಂಬರ್ 2009

ಇಸಾತ್,

ಈ ಮನೆಯಲ್ಲಿ ಕಾಗದ ಬರೆಯುತ್ತಿದ್ದವಳು ನಿನ್ನ ಅಕ್ಕ ರಾವ್ನಾ. ಕೊನೆಗೊಂದು ಸಹಿ ಹಾಕುವುದಷ್ಟೇ ನನ್ನ ಪಾಲಿನ ಕೆಲಸ. ಅದಕ್ಕೂ ಅವಳು ಕಾಫಿ ಬಟ್ಟಲನ್ನು ಆಚೆ ಸರಿಸಿ ಹೆದರಿಸಬೇಕಿತ್ತು. ಅವಳು ತೀರಿಹೋಗಿ ಎರಡು ಚಳಿಗಾಲ ಕಳೆದವು. ನೀನು ಬರೆಯಲಿ ಎಂದು ನಾನು ಕಾದೆ, ನಾನು ಬರೆಯಲಿ ಎಂದು ನೀನು ಕಾದಿರಬೇಕು. ಭಾವ ಮೈದುನ ಇಬ್ಬರೂ ಒಂದೇ ಅಚ್ಚಿನ ಸೋಮಾರಿಗಳು.

ಫೋನು ಮಾಡೋಣವೆಂದರೆ ನಿನ್ನ ಕಿವಿ ಹೋಗಿದೆ. "ಮಾಮಂಗೆ ಮೊಬೈಲಲ್ಲಿ ಮೆಸೇಜ್ ಹಾಕ್ತೀನಿ ಬಿಡಪ್ಪ" ಎಂದಳು ಮಗಳು ಸುನ್ನಾ. ನಿನ್ನ ಮೊಬೈಲು ಯಾವುದೋ ನಟ್ಟು ಬೋಲ್ಟಿನ ಡಬ್ಬಿಯಲ್ಲಿ ಬಿದ್ದಿರುತ್ತದೆ ಎಂದು ನನಗೆ ಗೊತ್ತು. ಅದಕ್ಕೇ ಪೆನ್ನು ಹಿಡಿದೆ.

ನಿನ್ನ ಅಕ್ಕನ ಹಿಮಸ್ಕೂಟರ್ ನೆನಪಿದೆಯಲ್ಲ, ನೀನೇ ಅವಳಿಗೆಂದು ಗೇರು ಕೂರಿಸಿಕೊಟ್ಟದ್ದು. ಅದರ ಅಡಿಯ ರಬ್ಬರ್ ಪಟ್ಟೆ ಅಲ್ಲಲ್ಲಿ ಸೀಳಿತ್ತು. ಫಿನ್‌ಲೆಂಡ್ ಕಡೆ ಯಾರೋ ಮಗುಚಿ ಹಾಕಿದ ದೊಡ್ಡ ಸ್ಕೂಟರಿನ ಪಟ್ಟೆಯನ್ನು ಸುನ್ನಾ ತಂದು ಹಾಕಿದಳು. ಎತ್ತರದ ಉಬ್ಬುಗಳಿರುವ ಪಟ್ಟೆ, ಆಳದ ಹಿಮದಲ್ಲೂ ಹೂತುಕೊಳ್ಳುವುದಿಲ್ಲ. ಪಟ್ಟೆಯನ್ನು ತಿರುಗಿಸುವ ಜೋಡಿ ಹಲ್ಲುಚಕ್ರಗಳನ್ನೂ ಅದರದ್ದೇ ತಂದಳು. ಹಳೆಯದಕ್ಕೆ ಎಂಟು ಹಲ್ಲು, ಇದಕ್ಕೂ ಎಂಟು ಹಲ್ಲು. ನಾನೇ ಬೆರಳಿಟ್ಟು ಎಣಿಸಿದೆ. ಎಂಟಕ್ಕೆ ಎಂಟು ಸರಿಹೋಯಿತು ಎಂದುಕೊಂಡೆವು.

ಕಳೆದ ವಾರ ಮಂದೆಯನ್ನು ಚಳಿಗಾಲದ ಬಯಲಿಗೆ ಸಾಗಿಸಿದೆವು. ನಿನ್ನ ಅಕ್ಕ ಹೋದ ಮೇಲೆ ನೆರೆಯವರ ಮಂದೆಯ ಹಿಂದೆ ಸೇರಿಸಿ ಸಾಗಿಸುತ್ತಿದ್ದೆವು, ಈ ಸಲ ಮತ್ತೆ ನಾವೇ ಹೊರಟೆವು. ಮೊದಲಿನಂತೆ ಮುಂದೆ ಸ್ಕೂಟರು, ಅದರ ಹಿಂದೆ ಹಗ್ಗದಲ್ಲಿ ಮುಂದಾಳು ಸಾರಂಗ ಮುಜೆತ್, ಅವನ ಕೊರಳ ಗಂಟೆಯ ಸದ್ದು ಹಿಡಿದು ಉಳಿದ ಹಿಮಸಾರಂಗಗಳು. ಎಷ್ಟೋ ವರ್ಷ ಹೀಗೇ ನಡೆದವನು ಈ ಸಲ ಸ್ವಲ್ಪ ದೂರ ಬಂದು ನಾಲ್ಕೂ ಕಾಲು ಮಡಿಸಿ ಕೂತುಬಿಟ್ಟ. ಎಳೆದರೆ ಕತ್ತು ಉದ್ದ ಮಾಡಿದನೇ ಹೊರತು ಏಳಲಿಲ್ಲ. ಮಂದೆ ಎರಡು ಪಾಲಾಗಿ ಬೆಟ್ಟ ಹತ್ತಿತು. ಕೂಡಿಸುವಷ್ಟರಲ್ಲಿ ನಮ್ಮ ಹೆಣ ಬಿತ್ತು.

ಮುದಿಯಾಗಿದ್ದಾನೆ, ಕಸಾಯಿ ಲಾರಿಗೆ ಹತ್ತಿಸು ಎಂದು ಎಲ್ಲರೂ ಹೇಳುತ್ತಾರೆ. ಜನವರಿ ಕೊನೆಗೆ ಲಾರಿ ಬರುತ್ತದೆ. ಮುಜೆತ್ ನಿನ್ನ ಅಕ್ಕ ಕೈಯಲ್ಲಿ ಪಾಚಿ ತಿನ್ನಿಸಿ ಪಳಗಿಸಿದವನು. ಅವಳದೆಂದು ಕಿವಿಯಲ್ಲಿ ಕತ್ತರಿಸಿದ ಗುರುತು ಇರುವ ಪ್ರಾಣಿಗಳು ಈಗ ಕೆಲವೇ ಉಳಿದಿವೆ. ಹೊಸ ಮರಿಗಳಿಗೆಲ್ಲ ಸುನ್ನಾಳ ಗುರುತು.

ನಿಧಾನ ಹೋಗುವಾಗ ಸ್ಕೂಟರು ಜಗ್ಗುತ್ತದೆ, ಸುಟ್ಟ ರಬ್ಬರಿನ ವಾಸನೆ ಬರುತ್ತದೆ. ನನಗೆ ತಿಳಿಯಬೇಕಾದದ್ದು ಇಷ್ಟೇ. ಪ್ರಾಣಿಗೆ ವಯಸ್ಸಾಯಿತೋ, ಗಾಡಿಗೆ ಏನಾದರೂ ಆಯಿತೋ?

ನಿನ್ನ ಭಾವ
ಮಿಹ್ಕಲ್


ಆಲ್ತಾ
25 ನವೆಂಬರ್ 2009

ಭಾವ,

ಎರಡು ವರ್ಷಕ್ಕೆ ಒಂದು ಕಾಗದ, ಅದರಲ್ಲೂ ಮೈದುನ ಬದುಕಿದ್ದಾನೋ ಇಲ್ಲವೋ ಎಂಬ ಒಂದು ಮಾತಿಲ್ಲ. ಬದುಕಿದ್ದೇನೆ. ಇಲ್ಲಿ ಸಮುದ್ರವಿದೆ, ಮೀನಿದೆ, ತಿಂದೂ ತಿಂದೂ ನನ್ನ ಮೈಯೇ ಮೀನಿನ ವಾಸನೆ. ಒಣಗಿದ ಸಾರಂಗದ ಮಾಂಸ ಒಂದು ತುಂಡು ಲಕೋಟೆಯಲ್ಲಿ ಇಟ್ಟಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಗಾಡಿ ಡೊಂಕಾದರೆ ನೀವು ಪ್ರಾಣಿಯನ್ನು ಬೈಯುತ್ತೀರಿ. ಹಲ್ಲು ಎಣಿಸಿದಿರಿ, ಸರಿ. ಒಂದು ಹಲ್ಲಿನಿಂದ ಇನ್ನೊಂದಕ್ಕೆ ಎಷ್ಟು ದೂರ ಎಂದು ಅಳೆದಿರಾ? ಹಳೆಯ ಪಟ್ಟೆಯನ್ನು ನೀವು ಎಸೆದಿರುವುದಿಲ್ಲ, ಶೆಡ್ಡಿನ ಹಿಂದೆ ಎಲ್ಲೋ ಬಿದ್ದಿರುತ್ತದೆ. ಅದರಲ್ಲೂ ಹೊಸದರಲ್ಲೂ ಒಂದು ಸಾಲು ಉಬ್ಬಿನಿಂದ ಮುಂದಿನ ಸಾಲಿಗೆ ಅಳೆದು ಬರೆಯಿರಿ. ಅಂದಾಜಿನಲ್ಲಿ ಬೇಡ, ಅಳತೆಪಟ್ಟಿ ಹಿಡಿದು.

ಆ ಸ್ಕೂಟರು ನನಗೆ ನೆನಪಿಲ್ಲದೆ ಇರುತ್ತದೆಯೇ? ಹೊಸದಾಗಿ ಬಂದಾಗ ಅಕ್ಕ ಅದನ್ನು ನೇರ ನನ್ನ ಗ್ಯಾರೇಜಿಗೆ ತಂದು ನಿಲ್ಲಿಸಿದಳು. "ಇದು ಮದುವೆಗೆ ಹೊರಟ ಹುಡುಗನ ಹಾಗೆ ಓಡ್ತದೆ ಕಣೋ. ನನ್ನ ಹಿಂದೆ ಬರೋವು ಗಬ್ಬದ ಹೆಣ್ಣುಗಳು. ನಂಗೆ ಬಸುರಿ ನಡೆದ ಹಾಗೆ ನಡೆಯೋ ಗಾಡಿ ಬೇಕು" ಎಂದಳು. ಚೈನು ಪೆಟ್ಟಿಗೆ ಬಿಚ್ಚಿ, ಎಂಜಿನ್ನಿನ ಓಟವನ್ನು ಪಟ್ಟೆಗೆ ದಾಟಿಸುವ ಮೇಲಿನ ಸ್ಪ್ರಾಕೆಟ್ ಬದಲಾಯಿಸಿದೆ. ಇಪ್ಪತ್ತೊಂದು ಹಲ್ಲಿನದು ತೆಗೆದು ಇಪ್ಪತ್ತು ಹಲ್ಲಿನದು ಹಾಕಿದೆ. ಅವಳು ಚರ್ಚಿನವರೆಗೆ ಓಡಿಸಿಕೊಂಡು ಹೋಗಿ ಬಂದು, ಇನ್ನೂ ಜೋರು ಎಂದು ತಲೆ ಅಲ್ಲಾಡಿಸಿದಳು. ಓಡಿಸುವಾಗ ಹಾಡುತ್ತಿದ್ದಳು, ಮುಜೆತ್‌ನ ಯೊಯ್ಕ್, ಅವನೊಬ್ಬನಿಗೆಂದೇ ಕಟ್ಟಿದ ಹಾಡು. ಆಗವನು ಇನ್ನೂ ಪಳಗುತ್ತಿದ್ದ ಮರಿ. "ನನ್ನ ಹಾಡಿನ ಕೆಳಗೆ ಇದರ ಗುಂಯ್ ಅನ್ನೋದು ಸರಿಯಾಗಿ ಕೂರ್ಬೇಕು" ಎಂದಳು. ಹತ್ತೊಂಬತ್ತು ಹಲ್ಲಿನದು ಹಾಕಿದ ಮೇಲೆ ಕೂತಿತು. ಅವಳು ನಕ್ಕ ರೀತಿ ಇನ್ನೂ ನನ್ನ ಕಣ್ಣ ಮುಂದಿದೆ. ಆ ವರ್ಷ ನನ್ನ ಕಿವಿಗೆ ದಪ್ಪ ಸದ್ದುಗಳು ಇನ್ನೂ ಕೇಳುತ್ತಿದ್ದವು.

ಗೇರು ಕೂರಿಸಲು ಗಿರಾಕಿ ಹಾಡಿ ತೋರಿಸಿದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ.

ಅಳತೆ ಕಳಿಸಿ. ಮಾಂಸವನ್ನೂ.

ಇಸಾತ್


ಕೌತೊಕೈನೊ
14 ಡಿಸೆಂಬರ್ 2009

ಇಸಾತ್,

ಮಾಂಸ ಕಳಿಸಿದ್ದೇನೆ. ಅಂಚೆಯವರು ನಾಯಿಗೆ ಹಾಕದಿದ್ದರೆ ಸಿಗುತ್ತದೆ.

ಸೂರ್ಯ ಮುಖ ತೋರಿಸುವುದನ್ನು ಬಿಟ್ಟಿದ್ದಾನೆ. ನಡುಹಗಲಿನ ನೀಲಿ ಬೆಳಕಿನಲ್ಲಿ ಶೆಡ್ಡಿನ ಹಿಂದೆ ಹಿಮ ಅಗೆದು ಹಳೆಯ ಪಟ್ಟೆ ತೆಗೆದೆ. ಹಳೆಯದರಲ್ಲಿ ಸಾಲಿನಿಂದ ಸಾಲಿಗೆ ಅರವತ್ತನಾಲ್ಕು ಮಿಲಿಮೀಟರ್. ಹೊಸದರಲ್ಲಿ ಎಪ್ಪತ್ತಾರು. ನಿನ್ನ ಮುಖ ಈಗ ಹೇಗೆ ಅರಳಿರುತ್ತದೆ ಎಂದು ಇಲ್ಲಿಂದಲೇ ಕಾಣುತ್ತಿದೆ.

ಸುನ್ನಾಗೆ ಸಿಟ್ಟು ಬಂದಿದೆ. "ಎಂಟಂದ್ರೆ ಎಂಟು. ಬೇಕಾದ್ರೆ ಮಾಮನೇ ಬಂದು ಎಣಿಸ್ಲಿ" ಎಂದಳು. ಅವಳ ತಪ್ಪಿಲ್ಲ. ಆಳದ ಹಿಮದಲ್ಲಿ ಈ ಪಟ್ಟೆಯಿಂದ ಅವಳಿಗೆ ಬಹಳ ಉಪಕಾರವಾಗಿದೆ. ಮುಂದಾಳು ಸಾರಂಗವೇ ಬೇಡ, ಹಿಂದಿನಿಂದ ಎರಡು ಸ್ಕೂಟರು ಹಾಕಿ ಅಟ್ಟೋಣ ಎಂದೂ ಹೇಳುತ್ತಾಳೆ. ಎಳೆಯರು ಹಾಗೆಯೇ ಮಾಡುತ್ತಾರೆ. ಆದರೆ ಏಪ್ರಿಲ್‌ನಲ್ಲಿ ಕರಾವಳಿಗೆ ಹೊರಡುವಾಗ ಹೆಣ್ಣುಗಳೆಲ್ಲ ತುಂಬಿದ ಗಬ್ಬ. ಬೆದರಿಸಿ ಓಡಿಸಿದರೆ ದಾರಿಯಲ್ಲೇ ಕಂದು ಹಾಕುತ್ತವೆ. ನದಿಯ ಮಂಜುಗಡ್ಡೆ ಕರಗುವ ಮೊದಲು ದಾಟಲೂ ಬೇಕು. ಮುಂದೆ ಒಬ್ಬ ನಿಧಾನವಾಗಿ ನಡೆದರೆ ಮಾತ್ರ ಎರಡೂ ಆಗುತ್ತದೆ. ಮುಜೆತ್ ಬಿಟ್ಟರೆ ಆ ಕೆಲಸಕ್ಕೆ ನಮ್ಮಲ್ಲಿ ಇನ್ನೊಬ್ಬನಿಲ್ಲ.

ನಿನ್ನ ಅಕ್ಕ ಹಾಡಿದ ವಿಷಯ ಯಾಕೆ ಬರೆದೆ? ಇನ್ನು ಮೇಲೆ ಗೇರಿನ ವಿಷಯ ಮಾತ್ರ ಬರೆ.

ಮಿಹ್ಕಲ್


ಆಲ್ತಾ
6 ಜನವರಿ 2010

ಭಾವ,

ಗೇರಿನ ವಿಷಯ ಮಾತ್ರ ಬರೆಯುತ್ತೇನೆ. ಸುನ್ನಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ.

ಅವಳು ಚಿಕ್ಕವಳಿದ್ದಾಗ ನಿಮ್ಮ ಜೊತೆ ಎಂಟು ಹೆಜ್ಜೆ ಹಾಕಿದರೆ ನೀವು ಎಲ್ಲಿರುತ್ತಿದ್ದಿರಿ, ಅವಳು ಎಲ್ಲಿರುತ್ತಿದ್ದಳು? ಇಬ್ಬರದೂ ಎಂಟೇ ಹೆಜ್ಜೆ. ಹಳೆಯ ಚಕ್ರ ಒಂದು ಸುತ್ತು ಬಂದರೆ ಪಟ್ಟೆ ಎಂಟು ಸಲ ಅರವತ್ತನಾಲ್ಕು ಸರಿಯುತ್ತಿತ್ತು. ಈಗ ಎಂಟು ಸಲ ಎಪ್ಪತ್ತಾರು ಸರಿಯುತ್ತಿದೆ. ಒಂದೊಂದು ಸುತ್ತಿಗೂ ಅಂಗೈ ಅಗಲದಷ್ಟು ಮುಂದೆ. ಹಲ್ಲಿನ ಎಣಿಕೆ ಬದಲಾಗದೆ ಇಡೀ ಗಾಡಿಯ ಗೇರು ಹೆಚ್ಚುಕಡಿಮೆ ಐದಕ್ಕೆ ಒಂದು ಪಾಲು ಏರಿತು. ಓಟಕ್ಕೆ ಒಳ್ಳೆಯದು, ನಡಿಗೆಗೆ ಕೆಟ್ಟದ್ದು.

ಎಂಜಿನ್ನಿನಿಂದ ಚೈನು ಪೆಟ್ಟಿಗೆಗೆ ಹೋಗುವ ಬೆಲ್ಟು ಬಿಗಿಯಾಗಿ ಹಿಡಿಯಬೇಕಾದರೆ ಎಂಜಿನ್ನು ಒಂದು ಮಟ್ಟದ ವೇಗದಲ್ಲಿ ತಿರುಗಲೇಬೇಕು. ಮೊದಲು ಆ ಮಟ್ಟದಲ್ಲಿ ಸ್ಕೂಟರು ಸಾರಂಗದ ಹೆಜ್ಜೆಗೆ ಸರಿಯಾಗಿ ಹೋಗುತ್ತಿತ್ತು. ಈಗ ಅದೇ ಮಟ್ಟದಲ್ಲಿ ಮುಜೆತ್ ಓಡಬೇಕಾಗುತ್ತದೆ. ಪಾಪ, ಅವನಿಗಾಗಿ ನೀವು ಗ್ಯಾಸಿನ ಕೈ ಸಡಿಲಿಸುತ್ತೀರಿ. ಬೆಲ್ಟು ಅರೆಬರೆ ಹಿಡಿದು ಜಾರುತ್ತದೆ, ಸುಡುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಆ ಹೊಗೆ ನೇರ ಹೋಗುವುದು ಹಿಂದಿರುವವನ ಮೂಗಿಗೆ. ನಾನಾಗಿದ್ದರೂ ಕೂತುಬಿಡುತ್ತಿದ್ದೆ. ಅಲ್ಲದೆ ಅಷ್ಟು ಎತ್ತರದ ಉಬ್ಬಿನ ಪಟ್ಟೆ ಆ ಬಡ ಎಂಜಿನ್ನಿಗೆ ಮೂಗಿಗಿಂತ ಮೂಗುತಿ ಭಾರ.

ಪಟ್ಟೆ ಹಾಗೇ ಇರಲಿ, ಸುನ್ನಾಗೆ ಬೇಕಲ್ಲ. ಪೊಟ್ಟಣದಲ್ಲಿ ಏಳು ಹಲ್ಲಿನ ಎರಡು ಚಕ್ರ ಇಟ್ಟಿದ್ದೇನೆ, ಹಲ್ಲಿನ ದೂರ ಎಪ್ಪತ್ತಾರು. ಏಳು ಸಲ ಎಪ್ಪತ್ತಾರು ಎಂದರೆ ಹಳೆಯ ಲೆಕ್ಕಕ್ಕೆ ಎರಡು ಬೆರಳಗಲದಷ್ಟೂ ವ್ಯತ್ಯಾಸವಿಲ್ಲ. ಆ ಉಳಿದದ್ದಕ್ಕೆ ಚೈನು ಪೆಟ್ಟಿಗೆಯಲ್ಲಿ ಹತ್ತೊಂಬತ್ತು ತೆಗೆದು ಹದಿನೆಂಟು ಹಲ್ಲಿನ ಸ್ಪ್ರಾಕೆಟ್ ಹಾಕಿ. ಆಗ ಮೊದಲಿಗಿಂತ ಕೂದಲೆಳೆಯಷ್ಟು ನಿಧಾನವಾಗುತ್ತದೆ. ಮುಜೆತ್‌ಗೂ ವಯಸ್ಸಾಯಿತು, ನಿಮಗೂ ಆಯಿತು.

ಸುನ್ನಾ, ಎರಡು ಚಕ್ರದ ಹಲ್ಲೂ ಅಚ್ಚಿನ ಮೇಲೆ ಒಂದೇ ಸಾಲಿಗೆ ಬರಬೇಕು. ಒಂದು ಹಿಂದೆ ಒಂದು ಮುಂದೆ ಆದರೆ ಪಟ್ಟೆ ಕುಂಟುತ್ತದೆ. ಚಿಕ್ಕ ಚಕ್ರದ ಮೇಲೆ ಪಟ್ಟೆ ಹೆಚ್ಚು ಬಾಗಬೇಕಾಗುವುದರಿಂದ ಸ್ವಲ್ಪ ನಡುಗುತ್ತದೆ. ಹೆದರಬೇಡ. ಇದರಲ್ಲಿ ಪಂದ್ಯಕ್ಕೆ ಮಾತ್ರ ಹೋಗಬೇಡ.

ಇದನ್ನು ನೋಡುವ ಮುಂಚೆ ಅವನನ್ನು ಲಾರಿಗೆ ಹತ್ತಿಸಬೇಡಿ. ನನ್ನನ್ನು ಬಾ ಎಂದು ಕರೆಯಲೂ ಬೇಡಿ, ನಾನು ಬರುವುದಿಲ್ಲ.

ಇಸಾತ್


ಕೌತೊಕೈನೊ
22 ಫೆಬ್ರವರಿ 2010

ಇಸಾತ್,

ಪೊಟ್ಟಣ ಬಂತು. ಸುನ್ನಾ ಎಲ್ಲ ಕೂರಿಸಿದಳು. ಹಲ್ಲುಗಳನ್ನು ಒಂದೇ ಸಾಲಿಗೆ ತರುವಾಗ ನಿನ್ನನ್ನು ಬೈದುಕೊಂಡಳು. ಮುಗಿದ ಮೇಲೆ ಸುಮ್ಮನೆ ಕೂತು ಎಂಟು ಗುಣಿಸು, ಏಳು ಗುಣಿಸು ಎಂದು ಲೆಕ್ಕ ಹಾಕಿ, "ಮಾಮ ಹೇಳಿದ್ದು ಸರಿ ಕಣಪ್ಪ" ಎಂದು ಒಪ್ಪಿಕೊಂಡಳು. ಅವಳ ಅಮ್ಮನ ಬಾಯಿಂದ ಈ ಮಾತು ನನಗೆ ಒಂದು ಸಲವೂ ಸಿಕ್ಕಿರಲಿಲ್ಲ.

ಸ್ಕೂಟರು ಹೆಜ್ಜೆಗೆ ಹೆಜ್ಜೆ ನಡೆಯುತ್ತಿದೆ. ಜಗ್ಗುವುದಿಲ್ಲ, ಸುಟ್ಟ ವಾಸನೆಯಿಲ್ಲ. ಕಣ್ಣು ಮುಚ್ಚಿ ಕೇಳಿದರೆ ಅದೇ ಗುಂಯ್.

ಜನವರಿಯ ಲಾರಿಯನ್ನು ಖಾಲಿ ಕಳಿಸಿದೆ. ಮೊನ್ನೆ ಮುಜೆತ್‌ನನ್ನು ಕಟ್ಟಿ ನೋಡಿದೆವು. ಸದ್ದು ಕೇಳಿದ ಕೂಡಲೇ ಕಿವಿ ನಿಮಿರಿಸಿ ಎದ್ದು ನಿಂತ. ಸ್ಕೂಟರಿನ ಮೇಲೆ ಕೂತವರು ಯಾರು ಎಂದು ಕತ್ತು ಚಾಚಿ ನೋಡಿದ. ಸ್ವಲ್ಪ ಹೊತ್ತು ಕಾದ. ಆಮೇಲೆ ಮೆಲ್ಲಗೆ ಕಾಲು ಮಡಿಸಿ ಕೂತುಕೊಂಡ.

ಗೇರು ಸರಿಯಾಯಿತು. ಇನ್ನೇನು ಬಾಕಿ ಇದೆ ಹೇಳು. ಏಪ್ರಿಲ್‌ನಲ್ಲಿ ಇನ್ನೊಂದು ಲಾರಿ ಬರುತ್ತದೆ.

ಮಿಹ್ಕಲ್


ಆಲ್ತಾ
3 ಮಾರ್ಚ್ 2010

ಭಾವ,

ಬಾಕಿ ಏನಿದೆ ಎಂದು ನಿಮಗೆ ಗೊತ್ತು. ಗೊತ್ತಿದ್ದೂ ಕಿವುಡನನ್ನು ಕೇಳುತ್ತಿದ್ದೀರಿ.

ನಾನು ಕೂರಿಸಿಕೊಟ್ಟದ್ದು ಅರ್ಧ. ಉಳಿದರ್ಧ ಅದರ ಮೇಲೆ ಕೂತು ಹಾಡುತ್ತಿದ್ದವಳದ್ದು. ಮುಜೆತ್ ಇಷ್ಟು ವರ್ಷ ಆ ಎರಡರ ಹಿಂದೆ ನಡೆದವನು. ಅರ್ಧ ಕೇಳಿಸಿತು, ಎದ್ದ. ಇನ್ನರ್ಧಕ್ಕೆ ಕಾದ, ಬರಲಿಲ್ಲ, ಕೂತ. ಅದರಲ್ಲಿ ಅವನದೇನು ತಪ್ಪು?

ಹಾಡಿ, ಭಾವ. ಮುಜೆತ್‌ನ ಯೊಯ್ಕ್ ನಿಮಗೆ ಬರುವುದಿಲ್ಲ ಎಂದು ಮಾತ್ರ ಬರೆಯಬೇಡಿ. ಇಷ್ಟು ವರ್ಷ ಒಂದೇ ಬೆಂಕಿಯ ಮುಂದೆ ಕೂತವರು ನೀವಿಬ್ಬರು.

ಅಕ್ಕನ ಮಣ್ಣಿಗೆ ಬಂದಾಗ ನಾನು ಸಂಜೆಯ ಬಸ್ಸಿಗೇ ಹೊರಟುಬಿಟ್ಟೆ ಎಂದು ನಿಮಗೆ ಬೇಸರವಾಗಿರಬೇಕು. ಚರ್ಚಿನಲ್ಲಿ ಎಲ್ಲರೂ ಬಾಯಿ ತೆರೆದು ಹಾಡುತ್ತಿದ್ದರು. ನಾನು ಮುಂದಿನ ಬೆಂಚಿನ ಮರಕ್ಕೆ ಅಂಗೈ ಇಟ್ಟು ಕೂತಿದ್ದೆ, ಆ ನಡುಕದಲ್ಲಿ ಏನಾದರೂ ಸಿಗುತ್ತದೋ ಎಂದು. ಏನೂ ಸಿಗಲಿಲ್ಲ. ಅವಳ ದನಿ ಇದ್ದ ಊರಿನಲ್ಲಿ ಕಿವಿಯಿಲ್ಲದೆ ಓಡಾಡುವುದು ನನ್ನಿಂದಾಗಲಿಲ್ಲ. ನಿಮಗೆ ಕಿವಿಯೂ ಇದೆ, ಗಂಟಲೂ ಇದೆ. ನನಗೆ ಹೊಟ್ಟೆಕಿಚ್ಚಾಗುತ್ತದೆ.

ಇಸಾತ್


ಕೌತೊಕೈನೊ
19 ಮಾರ್ಚ್ 2010

ಇಸಾತ್,

ಅವಳು ಹೋದ ಮೇಲೆ ಈ ಮನೆಯಲ್ಲಿ ಯಾರೂ ಹಾಡಿಲ್ಲ. ಅವಳು ಆ ಹಾಡನ್ನು ಯಾವಾಗಲೂ ಸ್ಕೂಟರಿನ ಮೇಲೆ ಕೂತು, ಟೊಪ್ಪಿ ಹಿಂದಕ್ಕೆ ಸರಿಸಿಕೊಂಡು ಹಾಡುತ್ತಿದ್ದಳು. ನಾನು ಬಾಯಿ ತೆರೆದರೆ ಅವಳು ಬಂದು ಅಲ್ಲೇ ಕೂರುತ್ತಾಳೆ. ಹಾಡು ನಿಂತ ಮೇಲೆ ಎದ್ದು ಹೋಗುತ್ತಾಳೆ. ಅವಳು ಹೋಗುವುದನ್ನು ಒಂದು ಸಲ ನೋಡಿದ್ದೇನೆ. ಇನ್ನೊಂದು ಸಲ ನನ್ನಿಂದಾಗದು.

ನಿನ್ನ ಮೇಲೆ ಬೇಸರ ಮಾಡಿಕೊಂಡಿಲ್ಲ. ಅವತ್ತು ಬಸ್ಸು ತಿರುವು ದಾಟುವವರೆಗೂ ನಾನು ರಸ್ತೆಯಲ್ಲೇ ನಿಂತಿದ್ದೆ. ನೀನು ಹಿಂದೆ ತಿರುಗಿ ನೋಡಲಿಲ್ಲ.

ಏಪ್ರಿಲ್ ಲಾರಿಗೆ ಮುಜೆತ್‌ನ ಹೆಸರು ಬರೆಸಿದ್ದೇನೆ.

ಮಿಹ್ಕಲ್


ಕರಾವಳಿಯ ಬಿಡಾರದಿಂದ
4 ಮೇ 2010

ಪ್ರೀತಿಯ ಮಾಮ,

ಅಪ್ಪ ಬರೆಯುತ್ತೇನೆ ಎನ್ನುತ್ತ ವಾರ ಕಳೆದ. ಇನ್ನು ಕಾದರೆ ಆಗದು, ನಾನೇ ಬರೆಯುತ್ತಿದ್ದೇನೆ.

ಲಾರಿ ಬಂದ ದಿನ ಅಪ್ಪ ಮುಜೆತ್‌ನ ಹಗ್ಗ ಹಿಡಿದುಕೊಂಡು ನಿಂತೇ ಇದ್ದ. ಡ್ರೈವರ್ ಮೂರು ಸಲ ಹಾರ್ನ್ ಹೊಡೆದ. "ನದಿವರೆಗೆ ನೋಡ್ತೀನಿ" ಎಂದು ಅಪ್ಪ ಹಗ್ಗ ಸುತ್ತಿಕೊಂಡ. ಲಾರಿ ಹೋಯಿತು.

ಮುಜೆತ್‌ನನ್ನೂ ಸೇರಿಸಿ ಎಲ್ಲವನ್ನೂ ನದಿಯವರೆಗೆ ಅಟ್ಟಿಕೊಂಡೇ ಬಂದೆವು. ಎರಡು ಹೆಣ್ಣು ಕಂದು ಹಾಕಿದವು. ಆಮೇಲೆ ನಾನು ಅಟ್ಟುವ ಮಾತು ಎತ್ತಲಿಲ್ಲ. ಉಳಿದವರ ಮಂದೆಗಳೆಲ್ಲ ದಾಟಿ ಆಗಿತ್ತು. ಮಂಜುಗಡ್ಡೆ ಬೂದಿ ಬಣ್ಣಕ್ಕೆ ತಿರುಗಿ ಅಂಚಿನಲ್ಲಿ ನೀರು ಜಿನುಗುತ್ತಿತ್ತು. ಅಂಥ ಗಡ್ಡೆಯ ಮೇಲೆ ಓಡಿಸಿದರೆ ಎಲ್ಲ ಒಂದೇ ಕಡೆ ಗುಂಪಾಗಿ ಮುಳುಗುತ್ತವೆ. ಸಾಲಾಗಿ, ನಿಧಾನವಾಗಿಯೇ ನಡೆಯಬೇಕು. ನಾನು ಸ್ಕೂಟರಿನಲ್ಲಿ, ಹಿಂದಿನ ಜಾರುಬಂಡಿಯಲ್ಲಿ ಅಪ್ಪ, ಅವನ ಕೈಯಲ್ಲಿ ಹಗ್ಗ. ಮುಜೆತ್ ದಡದಲ್ಲಿ ಕೂತಿದ್ದ.

ಬೇರೆ ದಾರಿ ಕಾಣದೆ ನಾನೇ ಹಾಡಿದೆ, ಅಮ್ಮನದ್ದು ನೆನಪಿದ್ದಷ್ಟು. ಮುಜೆತ್ ನೊಣ ಓಡಿಸುವವನ ಹಾಗೆ ಕಿವಿ ಕೊಡವಿದ. ಮತ್ತೆ ಹಾಡಿದೆ. ಹಿಂದಿನಿಂದ ಅಪ್ಪ, "ಅದಲ್ಲ ಕಣೆ. ಅಲ್ಲಿ ಕೆಳಗಿಳೀಬೇಕು" ಎಂದ. ನಾನು ಇನ್ನೊಮ್ಮೆ ಹಾಡಿದೆ. "ಅಯ್ಯೋ ಅಲ್ಲ ಮಾರಾಯ್ತಿ" ಎಂದವನು ತಡೆಯಲಾರದೆ ತಾನೇ ಶುರುಮಾಡಿದ.

ಮಾಮ, ಕೆಟ್ಟದಾಗಿ ಹಾಡಿದ. ತುಕ್ಕು ಹಿಡಿದ ಬಾಗಿಲಿನ ಹಾಗಿತ್ತು ದನಿ. ಆದರೆ ಇಳಿಯಬೇಕಾದಲ್ಲಿ ಇಳಿಯಿತು. ನಾನು ಮೆಲ್ಲಗೆ ಗ್ಯಾಸ್ ಕೊಟ್ಟೆ, ಪಟ್ಟೆ ನಡುಗುತ್ತ ಹೆಜ್ಜೆ ಹಾಕಿತು. ತಿರುಗಿ ನೋಡಲು ನನಗೆ ಧೈರ್ಯ ಬರಲಿಲ್ಲ. ಗಂಟೆಯ ಸದ್ದು ಒಂದು ಸಲ ಕೇಳಿತು, ಆಮೇಲೆ ಇನ್ನೊಂದು ಸಲ, ಆಮೇಲೆ ಒಂದೇ ಸಮನೆ ಕೇಳತೊಡಗಿತು. ಅದರ ಹಿಂದೆ ಮಂದೆಯ ಗೊರಸುಗಳ ಟಿಕಟಿಕ. ನದಿ ದಾಟುವವರೆಗೂ ಅಪ್ಪ ಹಾಡು ನಿಲ್ಲಿಸಲಿಲ್ಲ. ಅಳುತ್ತಲೇ ಹಾಡಿದ.

ಆಚೆ ದಡದಲ್ಲಿ ಕಾಫಿ ಕಾಯಿಸಿ, ನಮ್ಮ ರೂಢಿಯಂತೆ ಅದರಲ್ಲಿ ಗಿಣ್ಣಿನ ತುಂಡು ಹಾಕಿಕೊಟ್ಟೆ. ಹಾಡು ನಿಂತು ಬಹಳ ಹೊತ್ತಾಗಿತ್ತು. ಅಪ್ಪ ಖಾಲಿ ಸ್ಕೂಟರನ್ನೇ ನೋಡುತ್ತ ಕೂತಿದ್ದ. "ಬಂದಿದ್ಲು" ಎಂದ. ಬಟ್ಟಲು ಖಾಲಿ ಮಾಡಿದ ಮೇಲೆ, "ಹೋಗಿಲ್ಲ" ಎಂದ.

ಮರಿಗಳು ಹುಟ್ಟುತ್ತಿವೆ. ಮುಜೆತ್ ಇನ್ನು ಸಾಯುವವರೆಗೂ ನಮ್ಮಲ್ಲೇ. ಅಪ್ಪ ಈಗ ಬೆಳಿಗ್ಗೆ ಎದ್ದರೆ ಹಾಡು, ತಡೆಯುವುದು ಕಷ್ಟವಾಗಿದೆ. ನೀನು ಬಂದು ಕೇಳು ಎನ್ನಲಾರೆ. ಆದರೂ ಬಾ.

ನಿನ್ನ
ಸುನ್ನಾ


ಆಲ್ತಾ
11 ಮೇ 2010

ಭಾವ,

ಶುಕ್ರವಾರದ ಬಸ್ಸಿಗೆ ಬಿಡಾರಕ್ಕೆ ಬರುತ್ತಿದ್ದೇನೆ. ಅಲ್ಲೂ ರಸ್ತೆಯ ತಿರುವಿನ ಹತ್ತಿರ ನಿಂತಿರಿ.

ಮೀನು ತರುವುದಿಲ್ಲ. ಚೈನು ಪೆಟ್ಟಿಗೆಯ ಎಣ್ಣೆ ತರುತ್ತೇನೆ, ನೀವು ಬದಲಾಯಿಸಿರುವುದಿಲ್ಲ ಎಂದು ಬಲ್ಲೆ.

ಹಿಮ ಪೂರ್ತಿ ಕರಗುವ ಮೊದಲು ಒಂದು ಕೆಲಸ ಮಾಡಿಬಿಡೋಣ. ಸುನ್ನಾ ಸ್ಕೂಟರನ್ನು ನಡಿಗೆಯಲ್ಲಿ ಓಡಿಸಲಿ, ನಾವಿಬ್ಬರೂ ಅವಳ ಹಿಂದೆ ಅಂಟಿಕೊಂಡು ಕೂರೋಣ. ನಾನು ಒಂದು ಅಂಗೈಯನ್ನು ಸೀಟಿನ ಕೆಳಗಿನ ತಗಡಿಗೆ ಇಡುತ್ತೇನೆ, ಇನ್ನೊಂದನ್ನು ನಿಮ್ಮ ಬೆನ್ನಿಗೆ. ನೀವು ಹಾಡಿ. ಒಂದರ ಕೆಳಗೆ ಒಂದು ಸರಿಯಾಗಿ ಕೂತರೆ ನನ್ನ ಕೈಗೆ ತಿಳಿಯುತ್ತದೆ.

ಹತ್ತೊಂಬತ್ತು ಹಲ್ಲಿಗೆ ಅಕ್ಕ ನಕ್ಕಿದ್ದಳು. ಹದಿನೆಂಟಕ್ಕೆ ನಗುತ್ತಾಳೋ ಇಲ್ಲವೋ ನೋಡೋಣ.

ಇಸಾತ್